ಹೊಸ ವಿಂಡೋಸ್‌ನಲ್ಲಿ ಡೇವ್ ಯಾಕೆ ಓಡುತ್ತಿಲ್ಲ?

ಪ್ರಶ್ನೆ: ಅಪ್ಪನ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಿಂದ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಗೇಮ್‌ಗಳ ಫೋಲ್ಡರ್ ತೆಗೆದಿಟ್ಟುಕೊಂಡಿದ್ದೇನೆ. ಏಜ್ ಆಫ್ ಎಂಪೈರ್ಸ್ 2ರ ಸಿಡಿ, ಜಿಟಿಎ ಸರಣಿಯ ಸ್ಯಾನ್ ಆಂಡ್ರಿಯಾಸ್ ಡಿವಿಡಿ, ಇನ್ನೊಂದು ರೇಸಿಂಗ್ ಗೇಮ್‌ನ ಸಿಡಿ ಕೂಡ ಇವೆ. ಹೊಸ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ 11. ಡೇವ್, ಪ್ರಿನ್ಸ್ ಕ್ಲಿಕ್ ಮಾಡಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಎಂದು ಬರುತ್ತದೆ. ಎಂಪೈರ್ಸ್ ಆಡಿದರೆ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪಿನಲ್ಲಿ ಹುಲ್ಲೆಲ್ಲ ಕೆಂಪು, ನೀರು ನೇರಳೆ. ಹೊಸದರಲ್ಲಿ ಪರದೆ ಕಪ್ಪಾಗುತ್ತದೆ. ಸ್ಯಾನ್ ಆಂಡ್ರಿಯಾಸ್ ಓಡುತ್ತದೆ, ಆದರೆ ಈಜುವುದು ಆಮೆಯ ಹಾಗೆ, ಮತ್ತು ನೀರಿನ ಮೇಲೆ ಇಳಿಯುವ ಸ್ಕಿಮ್ಮರ್ ವಿಮಾನ ಮಾಯ. ರೇಸಿಂಗ್ ಗೇಮ್ ಡಿಸ್ಕ್ ಒಳಗಿದ್ದರೂ ‘ಡಿಸ್ಕ್ ಹಾಕಿ’ ಎನ್ನುತ್ತದೆ. ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿರುವ ಎಲ್ಲ ಆಯ್ಕೆಗಳನ್ನೂ ಒತ್ತಿ ನೋಡಿದೆ. ಮಗಳಿಗೆ ಇವನ್ನೆಲ್ಲ ಆಡಿಸಬೇಕೆಂಬ ಆಸೆ. ಎಲ್ಲವೂ ಒಟ್ಟಿಗೆ ಸರಿಹೋಗುವ ದಾರಿ ಇದೆಯೇ?
— ಹಾಸನದ ಓದುಗರು

ಉತ್ತರ: ಎಲ್ಲವೂ ಒಟ್ಟಿಗೆ ಸರಿಹೋಗುವ ದಾರಿ ಇಲ್ಲ. ಆದರೆ ನಿಮ್ಮ ಐದೂ ಗೇಮ್‌ಗಳನ್ನು ಆಡುವ ಸ್ಥಿತಿಗೆ ತರಬಹುದು. ಕಂಪ್ಯಾಟಿಬಿಲಿಟಿ ಮೋಡ್‌ನ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತುವುದು ಜ್ವರ ಯಾವುದೆಂದು ನೋಡದೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ನುಂಗಿದ ಹಾಗೆ. ಆ ಮೋಡ್ ಮಾಡುವ ಮುಖ್ಯ ಕೆಲಸ ಒಂದೇ: ‘ಇದು ವಿಂಡೋಸ್ 98’ ಎಂದು ಗೇಮ್‌ನ ಕಿವಿಯಲ್ಲಿ ಸುಳ್ಳು ಹೇಳುವುದು, ಜೊತೆಗೆ ಕೆಲವು ಸಣ್ಣ ತೇಪೆ ಹಚ್ಚುವುದು. ಗೇಮ್ ಹುಟ್ಟಿದಾಗ ಯಂತ್ರದಿಂದ ಅದು ಏನನ್ನು ಕೇಳುತ್ತಿತ್ತು, ಈಗಿನ ಯಂತ್ರ ಅದರಲ್ಲಿ ಯಾವುದನ್ನು ಕೊಡುತ್ತಿಲ್ಲ, ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಆದ್ದರಿಂದ ಮೊದಲು ನೋಡಬೇಕಾದದ್ದು ಗೇಮ್ ಬಂದ ವರ್ಷ.

ಡೇವ್ ಮತ್ತು ಪ್ರಿನ್ಸ್ ಡಾಸ್ ಕಾಲದವು. ಡಾಸ್ ಎಂದರೆ ವಿಂಡೋಸ್‌ಗಿಂತ ಮೊದಲು ಪಿಸಿಗಳಲ್ಲಿದ್ದ, ಕಮಾಂಡ್ ಟೈಪ್ ಮಾಡಿ ನಡೆಸುವ ವ್ಯವಸ್ಥೆ. ಡಾಸ್‌ಗೆ ಅವೆರಡೂ ಬಂದದ್ದು 1990ರಲ್ಲಿ. ಅವು 16 ಬಿಟ್ ಪ್ರೋಗ್ರಾಮ್‌ಗಳು. ಬಿಟ್ ಸಂಖ್ಯೆ ಎಂದರೆ ಪ್ರೊಸೆಸರ್ ಒಂದು ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ. 32 ಬಿಟ್ ವಿಂಡೋಸ್‌ನ ಒಳಗೆ ಇಂಥವಕ್ಕಾಗಿಯೇ ಒಂದು ಪುಟ್ಟ ಡಾಸ್ ಯಂತ್ರವನ್ನು ಕೂಡಿಸಿಟ್ಟಿದ್ದರು. ಅದು ಪ್ರೊಸೆಸರ್‌ನ ಒಂದು ವಿಶೇಷ ಸ್ಥಿತಿಯನ್ನು ನೆಚ್ಚಿಕೊಂಡಿತ್ತು, ಪ್ರೊಸೆಸರ್ 64 ಬಿಟ್‌ನಲ್ಲಿ ನಡೆಯುವಾಗ ಆ ಸ್ಥಿತಿಯೇ ಸಿಗುವುದಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಿಂದ ಅದನ್ನು ಕೈಬಿಟ್ಟರು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಈ ಎರಡು ಗೇಮ್‌ಗಳ ಮಟ್ಟಿಗೆ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಏನು ಆರಿಸಿದರೂ ವ್ಯರ್ಥ.

ಇವಕ್ಕೆ ಬೇಕಾದದ್ದು ಡಾಸ್‌ಬಾಕ್ಸ್. 2002ರಿಂದ ಇರುವ ಉಚಿತ ತಂತ್ರಾಂಶ. ಅದು ಹಳೆಯ ಪ್ರೊಸೆಸರ್, ಹಳೆಯ ಗ್ರಾಫಿಕ್ಸ್ ಕಾರ್ಡ್, ಸೌಂಡ್ ಬ್ಲಾಸ್ಟರ್ ಎಂಬ ಆಗಿನ ಸೌಂಡ್ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿ ಕೊಡುತ್ತದೆ. ಮೂಲ ಡಾಸ್‌ಬಾಕ್ಸ್‌ನ ಈಗಲೂ ಬಳಕೆಯಲ್ಲಿರುವ ಆವೃತ್ತಿ 2019ರದು. ಅದರಿಂದ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಅನ್ನು ನಾನು ಹೊಸಬರಿಗೆ ಸೂಚಿಸುತ್ತೇನೆ, ಅದರ ಸೆಟ್ಟಿಂಗ್‌ಗಳು ಮೊದಲೇ ಸರಿಯಾಗಿ ಕೂತಿರುತ್ತವೆ. ಕಮಾಂಡ್ ಕಲಿಯುವ ಅಗತ್ಯವೂ ಇಲ್ಲ. ಡೇವ್ ಫೋಲ್ಡರಿನಲ್ಲಿರುವ, ಗೇಮ್ ಶುರುಮಾಡುವ ಇಎಕ್ಸ್‌ಇ ಫೈಲನ್ನು ಎಳೆದು ತಂದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಡಿ. ಅದು ಆ ಫೋಲ್ಡರನ್ನೇ ಸಿ ಡ್ರೈವ್ ಎಂದು ತಿಳಿದುಕೊಂಡು ಗೇಮ್ ಶುರು ಮಾಡುತ್ತದೆ. ಪೂರ್ತಿ ಪರದೆ ಬೇಕಿದ್ದರೆ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ.

ಇನ್ನು ವೇಗದ ವಿಷಯ. ಶಾಲೆಯ ಲ್ಯಾಬಿನಲ್ಲಿ ನಾನು ಮೊದಲು ಕೂತ ಕಂಪ್ಯೂಟರಿನ ಮುಂಭಾಗದಲ್ಲಿ ‘ಟರ್ಬೊ’ ಎಂಬ ಗುಂಡಿ ಇತ್ತು. ಒತ್ತಿದರೆ ವೇಗ ಹೆಚ್ಚುತ್ತದೆಂದು ನಾವೆಲ್ಲ ನಂಬಿದ್ದೆವು. ಅದನ್ನು ಅಲ್ಲಿಟ್ಟದ್ದು ವೇಗ ತಗ್ಗಿಸಲಿಕ್ಕೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೊದಲ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಆ ವೇಗವನ್ನೇ ಗಡಿಯಾರವೆಂದು ನಂಬಿ ಎಷ್ಟೋ ಗೇಮ್‌ಗಳನ್ನು ಬರೆದಿದ್ದರು: ಇಷ್ಟು ಸಾವಿರ ಸಲ ಸುಮ್ಮನೆ ಎಣಿಸು, ಆಮೇಲೆ ಶತ್ರುವನ್ನು ಒಂದು ಹೆಜ್ಜೆ ಮುಂದಿಡು, ಹೀಗೆ. ಪ್ರೊಸೆಸರ್ ಹತ್ತು ಪಟ್ಟು ವೇಗವಾದರೆ ಶತ್ರುವೂ ಹತ್ತು ಪಟ್ಟು ವೇಗದಲ್ಲಿ ನಿಮ್ಮ ಮೇಲೆ ಬೀಳುತ್ತಾನೆ. ಡಾಸ್‌ಬಾಕ್ಸ್‌ನಲ್ಲಿ ಆ ಟರ್ಬೊ ಗುಂಡಿಯ ಕೆಲಸವನ್ನು ‘ಸೈಕಲ್ಸ್’ ಎಂಬ ಸಂಖ್ಯೆ ಮಾಡುತ್ತದೆ. ಸಾಮಾನ್ಯವಾಗಿ 3000ದಿಂದ ಶುರು. ಗೇಮ್ ಓಟ ಕಿತ್ತರೆ ಕಂಟ್ರೋಲ್ ಮತ್ತು ಎಫ್11, ಎಳೆದಾಡಿದರೆ ಕಂಟ್ರೋಲ್ ಮತ್ತು ಎಫ್12. ಆಡುತ್ತಲೇ ಒತ್ತಿ ನೋಡಿ, ಕೈಗೆ ಹದ ಸಿಕ್ಕಲ್ಲಿ ನಿಲ್ಲಿಸಿ.

ಪ್ರಿನ್ಸ್ ವಿಷಯದಲ್ಲಿ ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಆ ಗೇಮ್ ಬರೆದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ವಿಡಿಯೋದಲ್ಲಿ ಹಿಡಿದು, ಆ ಚಿತ್ರಗಳ ಮೇಲೆಯೇ ರಾಜಕುಮಾರನ ಒಂದೊಂದು ಭಂಗಿಯನ್ನು ಬಿಡಿಸಿದರು. ಅಂಚು ಹಿಡಿದು ನೇತಾಡುವಾಗ ಆ ಮೈ ಭಾರವಾಗಿ ಕಾಣುವುದು ಅದಕ್ಕೇ. ಡಾಸ್ ಆವೃತ್ತಿಯ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ಆಗಿನ ಮಾನಿಟರ್‌ಗಳು ಈ ಚಿತ್ರವನ್ನು 4:3 ಅಳತೆಗೆ ಹಿಗ್ಗಿಸಿ ತೋರಿಸುತ್ತಿದ್ದವು, ಅಂದರೆ ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಈಗಿನ ಪರದೆಯಲ್ಲಿ ಚುಕ್ಕಿಗಳು ಚೌಕ. ಹಾಗೇ ತೋರಿಸಿದರೆ ರಾಜಕುಮಾರ ಕುಳ್ಳನಾಗಿ, ದಪ್ಪಗೆ ಕಾಣುತ್ತಾನೆ. ಪರದೆ ತುಂಬ ಎಳೆದರಂತೂ ಇನ್ನೂ ಹಾಳು. ಸ್ಟೇಜಿಂಗ್‌ನಲ್ಲಿ ಈ ತಿದ್ದುಪಡಿ ತಾನೇ ಆಗುತ್ತದೆ. ಮೂಲ ಡಾಸ್‌ಬಾಕ್ಸ್ ಬಳಸಿದರೆ ಕಾನ್ಫಿಗರೇಷನ್ ಫೈಲಿನಲ್ಲಿ ‘ಆಸ್ಪೆಕ್ಟ್’ ಎಂಬಲ್ಲಿ ‘ಫಾಲ್ಸ್’ ತೆಗೆದು ‘ಟ್ರೂ’ ಎಂದು ಬರೆಯಿರಿ. ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಮಗಳು ಮೊದಲ ಸಲ ನೋಡುವಾಗ ಆ ಓಟ ಸರಿಯಾದ ಮೈಕಟ್ಟಿನಲ್ಲೇ ಇರಲಿ.

ಡಾಸ್‌ಬಾಕ್ಸ್ ಗೋಜೇ ಬೇಡವೆಂದರೆ ಪ್ರಿನ್ಸ್‌ಗೆ ಇನ್ನೊಂದು ದಾರಿಯಿದೆ. ಅಭಿಮಾನಿಗಳು ಡಾಸ್ ಆವೃತ್ತಿಯನ್ನು ಬಿಡಿಸಿ ಓದಿ, ಈಗಿನ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ನೇರವಾಗಿ ಓಡುವ ಹಾಗೆ ಮತ್ತೆ ಕಟ್ಟಿದ್ದಾರೆ. ಎಸ್‌ಡಿಎಲ್‌ಪಾಪ್ ಅಂತ ಅದರ ಹೆಸರು. ಇನ್ನು, ಯಾವುದಾದರೂ ಡಾಸ್ ಗೇಮ್ ಸೌಂಡ್ ಕಾರ್ಡ್ ಯಾವುದೆಂದು ಕೇಳಿದರೆ ಸೌಂಡ್ ಬ್ಲಾಸ್ಟರ್ ಆರಿಸಿ, ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಡಿ.

ಎಂಪೈರ್ಸ್‌ಗೆ ಬರೋಣ. 1999ರ ಗೇಮ್, 32 ಬಿಟ್, ಹಾಗಾಗಿ ವಿಂಡೋಸ್ ಅದನ್ನು ತೆರೆಯುತ್ತದೆ. ತೊಂದರೆ ಇರುವುದು ಬಣ್ಣದಲ್ಲಿ. ಆಗ ಒಂದು ಸಲಕ್ಕೆ ಪರದೆಯ ಮೇಲೆ 256 ಬಣ್ಣ ಮಾತ್ರ. ಯಾವ 256 ಎಂಬುದನ್ನು ಗೇಮ್ ತಾನೇ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಹುಲ್ಲಿನ ಚಿತ್ರದಲ್ಲಿ ‘ಹಸಿರು’ ಎಂದು ಇರುವುದಿಲ್ಲ, ‘ಪಟ್ಟಿಯ ಇಂತಿಷ್ಟನೇ ಬಣ್ಣ’ ಎಂದಷ್ಟೇ ಇರುತ್ತದೆ. ಆ ಪಟ್ಟಿಯಲ್ಲಿ 20 ಜಾಗ ವಿಂಡೋಸ್‌ನ ಸ್ವಂತಕ್ಕೆ ಮೀಸಲು. ವಿಂಡೋಸ್ 7ರಲ್ಲಿ ಗೇಮ್ ನಡೆಯುತ್ತಿರುವಾಗಲೇ ಹಿಂದೆ ಡೆಸ್ಕ್‌ಟಾಪ್ ಬಿಡಿಸುವ ಎಕ್ಸ್‌ಪ್ಲೋರರ್ ಬಂದು ಪಟ್ಟಿಯಲ್ಲಿ ತನ್ನ ಬಣ್ಣಗಳನ್ನು ಬರೆಯುತ್ತದೆ. ಅಷ್ಟಕ್ಕೇ ನಿಮ್ಮ ಹುಲ್ಲು ಕೆಂಪು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ಅನ್ನು ನಿಲ್ಲಿಸಿ ಆಡುವ ಉಪಾಯ ಆಗ ಎಲ್ಲರ ಬಾಯಲ್ಲೂ ಇತ್ತು, ಅದು ಕೆಲಸ ಮಾಡುತ್ತಿದ್ದುದೂ ಈ ಕಾರಣಕ್ಕೇ. ವಿಂಡೋಸ್ 8ರಿಂದ ಈಚೆಗೆ ಈ 256 ಬಣ್ಣದ ಸ್ಥಿತಿಯೇ ನಿಜವಾಗಿ ಇಲ್ಲ, ವಿಂಡೋಸ್ ಅದನ್ನು ನಟಿಸುತ್ತದೆ. ಆ ನಟನೆ ಕೈಕೊಟ್ಟಾಗ ಕಪ್ಪು ಪರದೆ, ಮೌಸ್ ಮಿಣುಕಾಟ, ಎಳೆದಾಟ.

ಇದಕ್ಕೆ ಮದ್ದು ಒಂದು ಜಾಣ ಉಪಾಯ. ಇದು ಅರ್ಥವಾದರೆ ನಿಮಗೆ ಹತ್ತಾರು ಗೇಮ್‌ಗಳಿಗೆ ಉಪಯೋಗ. ಎಂಪೈರ್ಸ್ ಚಿತ್ರ ಬಿಡಿಸಲು ‘ಡಿಡ್ರಾ’ ಎಂಬ ಡಿಎಲ್‌ಎಲ್ ಫೈಲನ್ನು, ಅಂದರೆ ಪ್ರೋಗ್ರಾಮ್‌ಗಳು ಎರವಲು ಪಡೆಯುವ ಸಿದ್ಧ ಕೋಡಿನ ಫೈಲನ್ನು, ಕರೆಯುತ್ತದೆ. ಅದು ವಿಂಡೋಸ್ ಫೋಲ್ಡರಿನಲ್ಲಿದೆ. ಆದರೆ ವಿಂಡೋಸ್ ಇಂಥ ಫೈಲನ್ನು ಹುಡುಕುವಾಗ ಮೊದಲು ಗೇಮ್‌ನ ಸ್ವಂತ ಫೋಲ್ಡರಿನಲ್ಲಿ ನೋಡುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ತನ್ನ ಕಪಾಟಿಗೆ ಹೋಗುತ್ತದೆ. ಅದೇ ಹೆಸರಿನ ಬೇರೊಂದು ಫೈಲನ್ನು ಗೇಮ್ ಫೋಲ್ಡರಿನಲ್ಲಿಟ್ಟರೆ ಗೇಮ್ ಅದರ ಜೊತೆ ಮಾತಾಡುತ್ತದೆ. ಬಾಗಿಲಲ್ಲೇ ನಿಂತ ದುಭಾಷಿಯ ಹಾಗೆ ಅದು 1999ರ ಮಾತನ್ನು ಕೇಳಿಸಿಕೊಂಡು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವಂತೆ ಹೇಳುತ್ತದೆ. ಇಂಥದ್ದನ್ನು ರ‍್ಯಾಪರ್ ಎನ್ನುತ್ತಾರೆ. ಎಂಪೈರ್ಸ್‌ನಂಥ ಎರಡು ಆಯಾಮದ ಗೇಮ್‌ಗಳಿಗೆ ಸಿಎನ್‌ಸಿ-ಡಿಡ್ರಾ ಚೆನ್ನಾಗಿದೆ. ಜಿಪ್ ಬಿಚ್ಚಿ, ಒಳಗಿರುವ ಫೈಲ್‌ಗಳನ್ನು ಗೇಮ್‌ನ ಇಎಕ್ಸ್‌ಇ ಇರುವ ಫೋಲ್ಡರಿಗೆ ಹಾಕಿ. ಮೊದಲು ಒತ್ತಿಟ್ಟ ಕಂಪ್ಯಾಟಿಬಿಲಿಟಿ ಆಯ್ಕೆಗಳನ್ನೆಲ್ಲ ತೆಗೆದುಬಿಡಿ, ಎರಡೂ ಸೇರಿದರೆ ಜಗಳ. ಮೂರು ಆಯಾಮದ ಹಳೆಯ ಗೇಮ್‌ಗಳಿಗೆ ಡಿಜಿವೂಡೂ 2 ಇದೆ. ವೂಡೂ ಎಂಬ ಆಗಿನ ಗ್ರಾಫಿಕ್ಸ್ ಕಾರ್ಡ್‌ಗಾಗಿ, ಅದರದೇ ಭಾಷೆಯಂತಿದ್ದ ಗ್ಲೈಡ್‌ನಲ್ಲಿ ಬರೆದ 1990ರ ದಶಕದ ರೇಸಿಂಗ್ ಗೇಮ್‌ಗಳಿಗೂ ಅದೇ ಆಗುತ್ತದೆ.

ವಿಂಡೋಸ್ ‘ಡೈರೆಕ್ಟ್‌ಪ್ಲೇ ಬೇಕು’ ಎಂದು ಕೇಳಿದರೆ ಹೆದರಬೇಡಿ. ಅದು ಹಲವರು ಸೇರಿ ಆಡುವುದಕ್ಕಿದ್ದ ಹಳೆಯ ಭಾಗ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್ಸ್ ಪಟ್ಟಿಗೆ ಹೋಗಿ, ಲೆಗಸಿ ಕಾಂಪೊನೆಂಟ್ಸ್ ಅಡಿಯಲ್ಲಿ ಅದಕ್ಕೆ ಟಿಕ್ ಹಾಕಿದರೆ ಸಾಕು. ಆಡಿದರೆ ಸಾಕು, ಯಾವ ಆವೃತ್ತಿಯಾದರೂ ಸರಿ ಎನ್ನುವುದಾದರೆ 2019ರಲ್ಲಿ ಹೊಸದಾಗಿ ಬಂದ ಡೆಫಿನಿಟಿವ್ ಎಡಿಷನ್ ಕೊಂಡುಕೊಳ್ಳಬಹುದು. ಆದರೆ ಅದಕ್ಕೆ ಡಿಸ್ಕ್‌ನಲ್ಲಿ ತುಂಬ ಜಾಗ ಬೇಕು, ಒಳ್ಳೆಯ ಗ್ರಾಫಿಕ್ಸ್ ಬೇಕು. ನಿಮ್ಮ ಸಿಡಿ ಎಂಥ ಸಣ್ಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಸ್ಯಾನ್ ಆಂಡ್ರಿಯಾಸ್‌ನ ಈಜು ಸುಲಭದ ಪ್ರಶ್ನೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಫ್ರೇಮ್ ಲಿಮಿಟರ್’ ಆಫ್ ಆಗಿರಬೇಕು, ಅದನ್ನು ಆನ್ ಮಾಡಿ. ಗೇಮ್‌ನ ಕೆಲವು ಚಲನೆಗಳ ಲೆಕ್ಕ ಸೆಕೆಂಡಿಗಲ್ಲ, ಫ್ರೇಮಿಗೆ, ಅಂದರೆ ಪರದೆಯ ಮೇಲೆ ಬಿಡಿಸುವ ಒಂದೊಂದು ಚಿತ್ರಕ್ಕೆ. ಹೊಸ ಲ್ಯಾಪ್‌ಟಾಪ್ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತ ಹೋದಂತೆ ಆ ಲೆಕ್ಕ ತಪ್ಪಿ ಈಜು ನಿಧಾನವಾಗುತ್ತದೆ. ಡಾಸ್ ಕಾಲದ ರೋಗವೇ ಬೇರೆ ವೇಷದಲ್ಲಿ ಬಂದಿದೆ.

ಸ್ಕಿಮ್ಮರ್ ಮಾಯವಾದದ್ದು ಮಾತ್ರ ಇತ್ತೀಚಿನ ವರ್ಷಗಳಲ್ಲಿ ನಾನು ಓದಿದ ಅತ್ಯಂತ ಸೊಗಸಾದ ಪತ್ತೇದಾರಿ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಈ ವಿಮಾನ ಸಿಗುತ್ತಿಲ್ಲವೆಂದು ಆಟಗಾರರು ಹೇಳತೊಡಗಿದರು. ಚೀಟ್ ಹಾಕಿ ಅದರೊಳಗೆ ಕೂತರೆ ನಾಯಕ ಆಕಾಶದಾಚೆಗೆ ಎಸೆದುಹೋಗುತ್ತಿದ್ದ. ಎಲ್ಲರೂ ಬೈದದ್ದು ಅಪ್‌ಡೇಟನ್ನು. ಸೈಲೆಂಟ್ ಎಂಬ ಹೆಸರಿನಲ್ಲಿ ಈ ಸರಣಿಯ ಗೇಮ್‌ಗಳನ್ನು ವರ್ಷಗಳಿಂದ ರಿಪೇರಿ ಮಾಡುತ್ತ ಬಂದಿರುವ ಪ್ರೋಗ್ರಾಮರ್ 2025ರಲ್ಲಿ ಇದರ ಬುಡಕ್ಕಿಳಿದು ನೋಡಿದರು. ಗೇಮ್‌ನಲ್ಲಿ ವಾಹನಗಳ ವಿವರ ಬರೆದಿಟ್ಟ ಒಂದು ಟೆಕ್ಸ್ಟ್ ಫೈಲ್ ಇದೆ, ವಾಹನಕ್ಕೊಂದು ಸಾಲು. ಸಾಲಿನ ಕೊನೆಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರದ ಗಾತ್ರ. ಹಿಂದಿನ ಗೇಮ್ ವೈಸ್ ಸಿಟಿಯಲ್ಲಿ ಸ್ಕಿಮ್ಮರ್ ದೋಣಿಯ ಲೆಕ್ಕದಲ್ಲಿತ್ತು, ದೋಣಿಗೆ ಚಕ್ರ ಬೇಕಿಲ್ಲ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದನ್ನು ವಿಮಾನದ ಪಂಕ್ತಿಗೆ ಸೇರಿಸಿದರು, ಆದರೆ ಆ ಎರಡು ಸಂಖ್ಯೆ ಬರೆಯುವುದು ಮರೆತರು.

ಸಂಖ್ಯೆ ಇಲ್ಲದಿದ್ದರೂ ಇಪ್ಪತ್ತು ವರ್ಷ ಅದು ಹೇಗೆ ಹಾರಿತು? ಸಾಲು ಓದುವ ಮೊದಲು ಗೇಮ್ ಆ ಎರಡು ಜಾಗವನ್ನು ಖಾಲಿ ಮಾಡಿಕೊಳ್ಳುತ್ತಿರಲಿಲ್ಲ. ಹಾಗಾಗಿ ಅದರ ಹಿಂದಿನ ಸಾಲಿನಲ್ಲಿದ್ದ ಒಂದು ವ್ಯಾನಿನ ಚಕ್ರದ ಗಾತ್ರವೇ ನೆನಪಿನಲ್ಲಿ ಅಳಿಯದೆ ಉಳಿದು ಸ್ಕಿಮ್ಮರ್‌ಗೆ ಸಿಗುತ್ತಿತ್ತು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ವಿಂಡೋಸ್‌ನ ಫೈಲ್ ಓದುವ ಕೆಲಸ ನಡೆಯುತ್ತದೆ, ಅದು ಆ ಜಾಗವನ್ನು ಮುಟ್ಟುತ್ತಿರಲಿಲ್ಲ. 24ಎಚ್2ನಲ್ಲಿ ಒಳಗಿನ ಒಂದು ಚಿಕ್ಕ ಫಂಕ್ಷನ್ ಸ್ವಲ್ಪ ಹೆಚ್ಚು ಜಾಗ ಬಳಸತೊಡಗಿತು, ವ್ಯಾನಿನ ಸಂಖ್ಯೆ ಅಳಿಸಿಹೋಗಿ ಅಲ್ಲಿ ಅರ್ಥವಿಲ್ಲದ ಭಾರೀ ಸಂಖ್ಯೆ ಕೂತಿತು. ಅಂದರೆ ವಿಂಡೋಸ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ತಪ್ಪು ಮೊದಲ ದಿನದಿಂದಲೂ ಗೇಮ್‌ನಲ್ಲೇ ಇತ್ತು. ಸೈಲೆಂಟ್‌ಪ್ಯಾಚ್ ಹಾಕಿದರೆ ಇದು ಸರಿಹೋಗುತ್ತದೆ, ಜೊತೆಗೆ ಇನ್ನೂ ಹಲವು ದೋಷಗಳು ಹೋಗುತ್ತವೆ. ಸ್ಯಾನ್ ಆಂಡ್ರಿಯಾಸ್ ಇನ್‌ಸ್ಟಾಲ್ ಮಾಡಿದ ಮೇಲೆ ನಾನು ಮೊದಲು ಹಾಕುವುದೇ ಅದನ್ನು.

ರೇಸಿಂಗ್ ಗೇಮ್‌ನ ಕಥೆ ಬೇರೆ. 2000ದ ಆಸುಪಾಸಿನ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾವಲು ಇತ್ತು. ಡಿಸ್ಕ್ ಅಸಲಿಯೇ ಎಂದು ನೋಡಲು ಅದು ವಿಂಡೋಸ್‌ನ ತೀರಾ ಒಳಗೆ ಒಂದು ಡ್ರೈವರ್ ಬಳಸುತ್ತಿತ್ತು. ಅಷ್ಟು ಒಳಗಿರುವ ಡ್ರೈವರಿನಲ್ಲಿ ಬಿರುಕಿದ್ದರೆ ಕಳ್ಳ ಅಲ್ಲಿಂದಲೇ ನುಗ್ಗಬಹುದು. 2015ರಲ್ಲಿ ಬಂದ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ಕಿತ್ತುಹಾಕಿತು, ಅದೇ ವರ್ಷ ಹಿಂದಿನ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಮೂಲಕ ನಿಲ್ಲಿಸಿತು. ಕಾವಲುಗಾರನೇ ಇಲ್ಲದ ಮೇಲೆ ನಿಮ್ಮ ಅಸಲಿ ಡಿಸ್ಕನ್ನು ಗುರುತಿಸುವವರು ಯಾರು? ಆ ಡ್ರೈವರನ್ನು ಮತ್ತೆ ತಂದು ಕೂರಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಯಾವುದೋ ಸೈಟಿನಿಂದ ‘ಸಿಡಿ ಬೇಡದ ಇಎಕ್ಸ್‌ಇ’ ಇಳಿಸಿಕೊಳ್ಳುವುದೂ ಬೇಡ. ಹಾಗೆ ಮಾಡಿದ ನಮ್ಮ ನೆಂಟರ ಹುಡುಗನ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಬೇಕಾಯಿತು, ಅವನ ಕಾಲೇಜು ಪ್ರಾಜೆಕ್ಟ್ ಕೂಡ ಹೋಯಿತು. ಆ ಗೇಮ್‌ನ ಕಂಪನಿ ಆಮೇಲೆ ಕಾವಲು ತೆಗೆದ ಅಧಿಕೃತ ಪ್ಯಾಚ್ ಬಿಟ್ಟಿದೆಯೇ ನೋಡಿ. ಇಲ್ಲದಿದ್ದರೆ 2008ರಿಂದ ನಡೆಯುತ್ತಿರುವ ಜಿಒಜಿ ಅಂಗಡಿಯಲ್ಲಿ ಹುಡುಕಿ. ಅಲ್ಲಿ ಮಾರುವ ಗೇಮ್‌ಗಳಿಗೆ ಇಂಥ ಬೀಗ ಇರುವುದಿಲ್ಲ, ಡಾಸ್ ಗೇಮ್‌ಗಳಂತೂ ಡಾಸ್‌ಬಾಕ್ಸ್ ಸಮೇತ ಬರುತ್ತವೆ. ಎರಡನೇ ಸಲ ದುಡ್ಡು ಕೊಡಬೇಕಲ್ಲ ಎಂಬ ಬೇಸರ ನ್ಯಾಯವಾದದ್ದೇ. ಆದರೆ ಈ ಒಂದು ಗೇಮ್‌ಗೆ ನನಗೆ ತೋಚುವ ಶುದ್ಧ ದಾರಿ ಅದು.

ಎಲ್ಲ ಗೇಮ್‌ಗಳಿಗೂ ಅನ್ವಯಿಸುವ ಒಂದು ಮಾತು: ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಹಳೆಯ ಗೇಮ್ ಇನ್‌ಸ್ಟಾಲ್ ಮಾಡಬೇಡಿ. ಹಳೆಯ ಗೇಮ್‌ಗಳು ಸೇವ್ ಮಾಡುವುದು ತಾವಿರುವ ಫೋಲ್ಡರಿನಲ್ಲೇ. ವಿಂಡೋಸ್ ವಿಸ್ಟಾ ಕಾಲದಿಂದ ವಿಂಡೋಸ್ ಅಲ್ಲಿ ಬರೆಯಲು ಬಿಡುವುದಿಲ್ಲ. ಬಿಟ್ಟಂತೆ ತೋರಿಸಿ, ಬರೆದದ್ದನ್ನು ನಿಮ್ಮ ಯೂಸರ್ ಫೋಲ್ಡರಿನ ಆಳದಲ್ಲಿರುವ ವರ್ಚುವಲ್‌ಸ್ಟೋರ್ ಎಂಬಲ್ಲಿ ಇಡುತ್ತದೆ. ಇದು ಗೊತ್ತಿಲ್ಲದೆ ನಾನು ಒಮ್ಮೆ ಗೇಮ್ ಫೋಲ್ಡರನ್ನಷ್ಟೇ ಕಾಪಿ ಮಾಡಿಟ್ಟುಕೊಂಡು ಡಿಸ್ಕ್ ಫಾರ್ಮ್ಯಾಟ್ ಮಾಡಿದೆ. ತಂಗಿಯೂ ನಾನೂ ಒಂದು ಇಡೀ ಬೇಸಿಗೆ ರಜೆ ಕೂತು ಕಟ್ಟಿದ ಊರು ಅದರೊಂದಿಗೆ ಹೋಯಿತು. ಸಿ ಡ್ರೈವಿನಲ್ಲಿ ನೇರವಾಗಿ ‘ಗೇಮ್ಸ್’ ಎಂದು ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅಲ್ಲಿ ಹಾಕಿ. ಆಗ ಸೇವ್ ಫೈಲ್‌ಗಳು ಕಣ್ಣೆದುರಿಗೇ ಇರುತ್ತವೆ.

2005ರ ಆಚೀಚಿನ ಗೇಮ್ ‘ಡಿ3ಡಿಎಕ್ಸ್9’ ಎಂದು ಶುರುವಾಗುವ ಫೈಲ್ ಇಲ್ಲವೆಂದರೆ ಆ ಒಂದು ಫೈಲನ್ನು ಎಲ್ಲಿಂದಲೋ ತರಬೇಡಿ. ಡೈರೆಕ್ಟ್‌ಎಕ್ಸ್ ಎಂದರೆ ಗೇಮ್‌ಗಳ ಚಿತ್ರ, ಶಬ್ದಕ್ಕಾಗಿ ಇರುವ ವಿಂಡೋಸ್ ಭಾಗ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿದರೆ ಅಂಥ ಫೈಲ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಹೊಸ ಡೈರೆಕ್ಟ್‌ಎಕ್ಸ್ ಇದ್ದರೂ ಇದನ್ನು ಬೇರೆಯಾಗಿ ಹಾಕಬೇಕು, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಕೆಲವು 1990ರ ದಶಕದ ಸಿಡಿಗಳಲ್ಲಿ ಗೇಮ್ 32 ಬಿಟ್ ಆದರೂ ಇನ್‌ಸ್ಟಾಲರ್ ಮಾತ್ರ 16 ಬಿಟ್ ಇರುತ್ತದೆ. ಅಂಥದ್ದಕ್ಕೆ ವೈನ್‌ವಿಡಿಎಂ ಎಂಬ ಉಚಿತ ಸಾಧನ ಇದೆ. ಮನೆಯಲ್ಲಿ ಲಿನಕ್ಸ್ ಯಂತ್ರವಿದ್ದರೆ, ವಿಂಡೋಸ್ ಪ್ರೋಗ್ರಾಮ್‌ಗಳನ್ನು ಅದರಲ್ಲಿ ಓಡಿಸುವ ವೈನ್ ಎಂಬ ತಂತ್ರಾಂಶದಲ್ಲೂ ಒಮ್ಮೆ ಪ್ರಯತ್ನಿಸಿ. ವಿಂಡೋಸ್‌ನಲ್ಲೇ ಓಡದ ಹಳೆಯ ವಿಂಡೋಸ್ ಗೇಮ್ ಅಲ್ಲಿ ಓಡಿದ್ದನ್ನು ಹಲವು ಸಲ ನೋಡಿದ್ದೇನೆ.

ಕೊನೆಗೆ ನಿಮ್ಮ ಡಿಸ್ಕ್‌ಗಳು. ಇಪ್ಪತ್ತು, ಇಪ್ಪತ್ತೈದು ವರ್ಷದ ಸಿಡಿಗೆ ಇನ್ನೆಷ್ಟು ಆಯುಸ್ಸೋ ಹೇಳಲಾಗದು. ಗೀರು, ಬೂಷ್ಟು ಇಲ್ಲದಿದ್ದರೂ ಒಳಗಿನ ಹೊಳೆಯುವ ಲೋಹದ ಪದರ ಮಂಕಾಗಬಹುದು. ಸೆಟ್ಟಿಂಗ್‌ಗಳಿಗೆ ಕೈ ಹಾಕುವ ಮೊದಲೇ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ ಪ್ರತಿ, ಮಾಡಿ ಬೇರೆ ಡಿಸ್ಕಿಗೆ ಹಾಕಿಡಿ. ಸಿಡಿಗಳಿಗೆ ಐಎಸ್‌ಒ ಎಂಬ ಇಮೇಜ್ ಬಗೆಯ ಬದಲು ಬಿನ್ ಮತ್ತು ಕ್ಯೂ ಎಂಬ ಎರಡು ಫೈಲ್‌ಗಳ ಜೋಡಿಯನ್ನು ಆರಿಸಿ. ಆ ಕಾಲದ ಹಲವು ಗೇಮ್‌ಗಳು ಸಂಗೀತವನ್ನು ಫೈಲಾಗಿ ಇಡದೆ ಹಾಡಿನ ಸಿಡಿಯ ಹಾಗೆ ಆಡಿಯೋ ಟ್ರ್ಯಾಕ್ ಆಗಿ ಇಡುತ್ತಿದ್ದವು. 1996ರ ಕ್ವೇಕ್ ಹಾಗೇ ಇತ್ತು: ಮೊದಲ ಟ್ರ್ಯಾಕ್ ಗೇಮ್, ಉಳಿದವು ಟ್ರೆಂಟ್ ರೆಜ್ನರ್ ಸಂಗೀತ. ಐಎಸ್‌ಒಗೆ ಆ ಮೊದಲ ಟ್ರ್ಯಾಕ್ ಮಾತ್ರ ಬರುತ್ತದೆ. ಗೇಮ್ ಚೆನ್ನಾಗಿಯೇ ಓಡುತ್ತದೆ, ಆದರೆ ಸಂಗೀತ ಇರುವುದಿಲ್ಲ. ಇಮೇಜ್ ಆದ ಕೂಡಲೇ ಫೋಲ್ಡರಿನಲ್ಲಿ ಎರಡು ಫೈಲ್ ಇವೆಯೇ ನೋಡಿ. ಆಮೇಲೆ ಕ್ಯೂ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಂದಕ್ಕಿಂತ ಹೆಚ್ಚು ಟ್ರ್ಯಾಕ್ ಬರೆದಿದ್ದರೆ ಆ ಸಿಡಿಯಲ್ಲಿ ಸಂಗೀತ ಇದೆ, ಅದೂ ನಿಮ್ಮ ಪ್ರತಿಗೆ ಬಂದಿದೆ ಎಂದರ್ಥ.